ಒಂದು, ಎರಡು, ಮೂರು ನಂಬರಿನ ಬನಿಯನ್ನುಗಳು

ಲಂಗದ ಅಂಚಿನ ಹೊಲಿಗೆಯನ್ನು ಹಾಲಮ್ಮ ಅರ್ಧ ಸುತ್ತು ಬಿಚ್ಚಿ ಮುಗಿಸಿದ್ದಳು. ಮೊಮ್ಮಗಳು ಲಿಖಿತಾ ಈ ಬೇಸಿಗೆಯಲ್ಲಿ ನಾಲ್ಕು ಬೆರಳಷ್ಟು ಉದ್ದವಾಗಿದ್ದಳು, ಯೂನಿಫಾರ್ಮು ಉದ್ದವಾಗಿರಲಿಲ್ಲ. ಒಳಗೆ ಮಡಿಸಿಟ್ಟಿದ್ದ ಬಟ್ಟೆಯನ್ನು ಕೆಳಗಿಳಿಸಬೇಕು. ನಾಲ್ಕು ಹೊಲಿಗೆಗೆ ಒಂದನ್ನು ಬ್ಲೇಡಿನ ಮೂಲೆಯಿಂದ ಕತ್ತರಿಸಿ, ದಾರದ ತುದಿ ಹಿಡಿದು ಮೆಲ್ಲಗೆ ಎಳೆದರೆ ಉಳಿದದ್ದು ತಾನಾಗಿ ಬರುತ್ತದೆ. ಅವಸರ ಮಾಡಿದರೆ ಬಟ್ಟೆ ಹರಿಯುತ್ತದೆ. ನೀಲಿಯ ಮೇಲಿನ ನೀಲಿ ದಾರ ಎಪ್ಪತ್ತರ ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೆ ಕಾಣುತ್ತಿತ್ತು. ಮಡಿಕೆಯೊಳಗಿದ್ದ ಭಾಗ ಬಿಸಿಲು ಸೋಕದೆ ಕಡು ನೀಲಿಯಾಗಿಯೇ ಉಳಿದಿತ್ತು. ಅದು ಕಂಡೊಡನೆ ಅವಳ ಕೈ ನಿಂತಿತು. ಆಟದ ಬನಿಯನ್ನಿನಿಂದ ನಂಬರು ಬಿಚ್ಚಿದಾಗಲೂ ಹೀಗೆಯೇ, ನಂಬರಿನ ಆಕಾರದಲ್ಲೇ ಕಡು ನೀಲಿ ಉಳಿಯುತ್ತಿತ್ತು. ಎಷ್ಟು ತೊಳೆದರೂ ಅಲ್ಲೊಂದು ನೆರಳು. ಹನ್ನೊಂದಕ್ಕೆ, ಆ ಬನಿಯನ್ ತೊಟ್ಟು ಆಡಿದ್ದ ಪ್ರಸನ್ನಕುಮಾರ ಬರುತ್ತೇನೆಂದಿದ್ದ. ಭಾನುವಾರ ಶಿವಮೊಗ್ಗದಲ್ಲಿ ಕಾಲೇಜಿನ ಆಟದ ಮೇಷ್ಟ್ರು ಷಡಕ್ಷರಪ್ಪನವರಿಗೆ ಸನ್ಮಾನ. ಮೇಷ್ಟ್ರಿಗೆ ಎಂಬತ್ತೈದು ತುಂಬಿದೆ, ಹಳೆಯ ಆಟಗಾರರೆಲ್ಲ ಸೇರಿ ಒಂದು ಪುಸ್ತಕ ತರುತ್ತಿದ್ದಾರೆ, ಹಾಲಮ್ಮ ವೇದಿಕೆ ಹತ್ತಿ ಆ ಕಥೆ ಹೇಳಬೇಕು. ಯಾವ ಕಥೆ ಎಂದು ಅವಳೂ ಕೇಳಲಿಲ್ಲ, ಪ್ರಸನ್ನನೂ ಹೇಳಲಿಲ್ಲ. ನಲವತ್ತನಾಲ್ಕು ವರ್ಷದಿಂದ ಒಂದೇ ಕಥೆ.

ಕಾಲೇಜಿನ ಸಮಾರಂಭಗಳಲ್ಲಿ ಅದನ್ನು ಯಾರು ಯಾರೋ ಹೇಳಿದ್ದರು. ಅಕ್ಷರ ಬಾರದ ಒಬ್ಬ ಹೆಂಗಸು ಬನಿಯನ್ನಿನ ನಂಬರು ಬದಲಿಸಲು ತಿಳಿಯದೆ ತಪ್ಪು ಮಾಡಿದ್ದು, ಅದರಿಂದ ಫೈನಲ್ ಹೋದದ್ದು, ಮೇಷ್ಟ್ರು ಒಂದು ಮಾತೂ ಬೈಯದೆ ಆಕೆಯನ್ನು ಸಂಜೆಯ ಶಾಲೆಗೆ ಸೇರಿಸಿದ್ದು, ಆಕೆ ಏಳನೇ ತರಗತಿ ಪಾಸಾಗಿ ಅದೇ ಕಾಲೇಜಿನಲ್ಲಿ ಕಾಯಂ ಅಟೆಂಡರ್ ಆದದ್ದು. ಆಗೆಲ್ಲ ಜನ ತಿರುಗಿ ಅವಳ ಕಡೆ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಅವಳು ತಲೆ ತಗ್ಗಿಸುತ್ತಿದ್ದಳು. ಅದನ್ನು ಎಲ್ಲರೂ ವಿನಯ ಎಂದುಕೊಂಡಿದ್ದರು.

ಅವಳು ಮೊದಲು ಕಂಡಾಗ ಮೇಷ್ಟ್ರಿಗೆ ಮೂವತ್ತು ದಾಟಿತ್ತು. ಹೊಳಲೂರಿನಲ್ಲಿ ಹೊಳೆಯ ಪಕ್ಕ ಗದ್ದೆಯಿದ್ದ ಮನೆಯ ಮಗ. ಇಷ್ಟು ಓದಿ ಚೆಂಡು ಒದೆಯೋಕೆ ಹೋದ ಎಂದು ಅವರಪ್ಪ ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದರಂತೆ. ಭದ್ರಾವತಿಯ ಕಾಲೇಜಿಗೆ ಅವರು ಬಂದಾಗ ಮೈದಾನವೆಂದರೆ ಎಮ್ಮೆ ಮೇಯುವ ಬಯಲು. ಕಬ್ಬಿಣದ ಕಾರ್ಖಾನೆಯಿಂದ ಹೊರಗೆ ಸುರಿಯುತ್ತಿದ್ದ ಕಿಟ್ಟವನ್ನು ಲಾರಿಯಲ್ಲಿ ತರಿಸಿ, ಹುಡುಗರ ಜೊತೆ ತಾವೂ ಬುಟ್ಟಿ ಹೊತ್ತು, ಮೇಲೆ ಜರಡಿ ಹಿಡಿದ ಮಣ್ಣು ಹಾಕಿ, ಕಲ್ಲಿನ ರೋಲರು ಎಳೆದು ಬ್ಯಾಸ್ಕೆಟ್‌ಬಾಲ್ ಕೋರ್ಟು ಮಾಡಿದರು. ಕಬ್ಬಿಣದ ಸರಳು ಬಗ್ಗಿಸಿ ಉಂಗುರ ಮಾಡಿಕೊಟ್ಟವನು ಫಿಟ್ಟರ್ ಬಂಗಾರಪ್ಪ. ಎರಡು ವರ್ಷ ಒಂದೇ ಉಂಗುರವಿತ್ತು. ಎರಡೂ ತಂಡ ಅದೇ ಬುಟ್ಟಿಗೆ ಚೆಂಡು ಹಾಕಬೇಕಿತ್ತು, ಅದರಿಂದಲೇ ಹುಡುಗರಿಗೆ ಇಕ್ಕಟ್ಟಿನಲ್ಲಿ ನುಸುಳುವುದು ಬಂತು ಎಂದು ಮೇಷ್ಟ್ರು ನಗುತ್ತಿದ್ದರು. ಬೆಳಿಗ್ಗೆ ಬ್ಯಾಸ್ಕೆಟ್‌ಬಾಲ್, ಸಂಜೆ ಫುಟ್‌ಬಾಲ್. ಕಾರ್ಮಿಕರ ಕಾಲೊನಿಯ ಹುಡುಗರಿಗಾಗಿ ಚೆಂಡು ಕೊಡೋ ಎಂಬುದನ್ನು ಮೂರು ಭಾಷೆಯಲ್ಲಿ ಕಲಿತಿದ್ದರು: ಕೊಡೋ, ಕುಡುಡಾ, ಇವ್ವರಾ. ಗೋಲು ಹೊಡೆದವನು ಕೈ ಎತ್ತಿ ಕುಣಿಯುವಂತಿರಲಿಲ್ಲ; ತನಗೆ ಚೆಂಡು ಕೊಟ್ಟವನ ಕಡೆ ಬೆರಳು ತೋರಿಸಬೇಕಿತ್ತು. ಇನ್ನೊಂದು ಪದ್ಧತಿಯಿತ್ತು, ಅದನ್ನು ನೋಡಲೆಂದೇ ಬೇರೆ ಊರಿನ ಕೋಚ್‌ಗಳು ಬರುತ್ತಿದ್ದರು. ಯಾವನಾದರೂ ತಡವಾಗಿ ಬಂದರೆ ಮೇಷ್ಟ್ರು ಅವನನ್ನು ಓಡಿಸುತ್ತಿರಲಿಲ್ಲ. ಅವನನ್ನು ಗೆರೆಯ ಮೇಲೆ ನಿಲ್ಲಿಸಿ ತಾವೇ ಮೈದಾನ ಸುತ್ತಿ ಬರುತ್ತಿದ್ದರು. 'ನಿನ್ನನ್ನ ತಯಾರು ಮಾಡಿದೋನು ನಾನಲ್ವಾ, ತಪ್ಪು ನನ್ನದೇ' ಎನ್ನುತ್ತಿದ್ದರು. ಹುಡುಗ ನಿಂತಲ್ಲೇ ಕುಗ್ಗಿಹೋಗುತ್ತಿದ್ದ. ಮಾರನೆಯ ದಿನ ಎಲ್ಲರಿಗಿಂತ ಮೊದಲು ಅವನೇ ಬಂದಿರುತ್ತಿದ್ದ.

'ಹಾಲಮ್ಮಕ್ಕಾ!' ಹೊರಗೆ ಸ್ಕೂಟರು ನಿಂತಿತು. ಪ್ರಸನ್ನಕುಮಾರ ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡೇ ಒಳಗೆ ಬಂದ. ಬ್ಯಾಂಕಿನಿಂದ ನಿವೃತ್ತನಾಗಿ ನಾಲ್ಕು ವರ್ಷ, ಹೊಟ್ಟೆ ಬಂದಿತ್ತು. ನಡಿಗೆ ಮಾತ್ರ ಇನ್ನೂ ಆಟಗಾರನದೇ, ಹಿಮ್ಮಡಿ ಊರದ ನಡಿಗೆ.

'ಇನ್ನೂ ಸೂಜಿ ಬಿಟ್ಟಿಲ್ವಾ ನೀವು? ನಮ್ ಹಳೇ ಬನಿಯನ್ ಇದ್ರೆ ಕೊಡಿ ಅಕ್ಕ, ಭಾನುವಾರ ಹಾಕ್ಕೊಂಡು ಬರ್ತೀನಿ.'

'ನಿನ್ನ ಹೊಟ್ಟೆಗೆ ಮೂರು ಬನಿಯನ್ ಸೇರಿಸಿ ಹೊಲೀಬೇಕು ಮಾರಾಯ. ಕೂತ್ಕೋ, ಮಜ್ಜಿಗೆ ತರ್ತೀನಿ.'

ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡು ಅವನು ಪುಸ್ತಕದ ಹಾಳೆಗಳನ್ನು ತೆಗೆದ. ನಾಳಿದ್ದು ಪ್ರೆಸ್ಸಿಗೆ ಹೋಗುತ್ತದೆ ಎಂದ. ಮೇಷ್ಟ್ರು ಈಗ ಬರೆಯಲಾರರು, ಕೈ ನಡುಗುತ್ತದೆ. ಹೇಳುತ್ತಾ ಹೋದದ್ದನ್ನು ಮಗಳು ಸೌಂದರ್ಯ ಬರೆದುಕೊಂಡಿದ್ದಾಳೆ. 'ನಿಮ್ಮ ಬಗ್ಗೆ ಏನ್ ಹೇಳಿದ್ದಾರೆ ಕೇಳಿ' ಎಂದು ಕನ್ನಡಕ ಏರಿಸಿ ಓದತೊಡಗಿದ: 'ನನ್ನ ಇಪ್ಪತ್ತೊಂಬತ್ತು ವರ್ಷದ ಕೆಲಸದಲ್ಲಿ ಅನೇಕ ಕಪ್ಪುಗಳು ಬಂದವು. ಹುಡುಗಿಯರ ತಂಡ ಕಟ್ಟಿದೆ, ರೈಲ್ವೆಗೆ, ಪೊಲೀಸಿಗೆ ಹುಡುಗರನ್ನು ಕಳಿಸಿದೆ. ಆದರೆ ನಾನು ಕಲಿತ ದೊಡ್ಡ ಪಾಠ ಸೋತ ಪಂದ್ಯದ್ದು. ಅದು ಹಾಲಮ್ಮನ ತಪ್ಪಲ್ಲ. ಅಂಕಿ ಕಲಿಸದೆ ಅಂಕಿ ಹೊಲಿಯಲು ಕೊಟ್ಟವನ ತಪ್ಪು.'

ಹಾಲಮ್ಮ ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬಿಗಿಯಾಗಿ ಸುತ್ತಿದಷ್ಟೂ ಬೆರಳ ತುದಿ ಬಿಳುಚಿಕೊಳ್ಳುತ್ತಿತ್ತು. ಕಾಲೇಜಿಗೆ ಇದ್ದದ್ದು ಎಂಟೇ ನೀಲಿ ಬನಿಯನ್. ಫುಟ್‌ಬಾಲಿಗೂ ಅವೇ, ಬ್ಯಾಸ್ಕೆಟ್‌ಬಾಲಿಗೂ ಅವೇ. ಫುಟ್‌ಬಾಲಿನಲ್ಲಿ ಉಳಿದ ಮೂವರು ಮನೆಯ ನೀಲಿ ಅಂಗಿ ಹಾಕಿಕೊಂಡು ಬರುತ್ತಿದ್ದರು. ಫುಟ್‌ಬಾಲಿಗೆ ಒಂದರಿಂದ ಎಂಟು. ಬ್ಯಾಸ್ಕೆಟ್‌ಬಾಲಿನಲ್ಲಿ ಆಗ ಒಂದು, ಎರಡು, ಮೂರು ಹಾಕುವಂತಿರಲಿಲ್ಲ, ರೆಫರಿ ಬೆರಳೆತ್ತಿ ತೋರಿಸುವ ಲೆಕ್ಕಕ್ಕೆ ಗೊಂದಲವಾಗುತ್ತದೆಂದು ನಂಬರು ನಾಲ್ಕರಿಂದ ಶುರು. ಹಾಗಾಗಿ ಪ್ರತಿ ಸಲ ಅವಳು ಆ ಮೂರನ್ನು ಬಿಚ್ಚಿ ಒಂಬತ್ತು, ಹತ್ತು, ಹನ್ನೊಂದು ಹೊಲಿಯಬೇಕು, ಮತ್ತೆ ಫುಟ್‌ಬಾಲ್ ಬಂದಾಗ ಅವನ್ನು ಬಿಚ್ಚಿ ಇವನ್ನು. ಆಗ ಅವಳು ದಿನಗೂಲಿಯ ಹೆಂಗಸು, ಇಪ್ಪತ್ತಾರು ವರ್ಷ. ಅಕ್ಷರ ಬರುತ್ತಿರಲಿಲ್ಲ. ಆದರೆ ಆ ಮೂರು ಬರುತ್ತಿತ್ತು. ನೆಟ್ಟ ಗೂಟ, ಕತ್ತು ಬಗ್ಗಿಸಿದ ಬಾತುಕೋಳಿ, ಎರಡು ಕೊಕ್ಕೆ. ಏಳು ಸಲ ಬಿಚ್ಚಿ ಹೊಲಿದಿದ್ದಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು.

ಆ ಶುಕ್ರವಾರ ಫುಟ್‌ಬಾಲ್ ಮುಗಿದಿತ್ತು. ಮಾರನೆಯ ದಿನ ಶಿವಮೊಗ್ಗದಲ್ಲಿ ಬ್ಯಾಸ್ಕೆಟ್‌ಬಾಲ್ ಫೈನಲ್. ಮೇಷ್ಟ್ರು ಒಂದು ಬನಿಯನ್ ಎತ್ತಿ ಹಿಡಿದರು. ಕಂಕುಳ ಹತ್ತಿರ ತುಕ್ಕಿನ ಬಣ್ಣದ ಕಲೆ. 'ಇದನ್ನ ತೊಳೆಯೋದು ಅಂತಾರೇನಮ್ಮ? ನಿಮ್ಮನೆ ಬಟ್ಟೇನೂ ಹಿಂಗೇ ಒಗೀತೀಯಾ?' ಹುಡುಗರು ನಕ್ಕರು. ಅಷ್ಟೇ. ನಲ್ಲಿಯ ನೀರೇ ಕೆಂಪು ಎಂದು ಅವಳು ಹೇಳಲಿಲ್ಲ. ಅವಳ ಗಂಡ ಕುಲುಮೆಯ ಮುಂದೆ ನಿಲ್ಲುವವನು, ಎಷ್ಟು ಕುಕ್ಕಿದರೂ ಅವನ ಅಂಗಿಯ ಮಸಿ ಹೋಗುತ್ತಿರಲಿಲ್ಲ, ಕಾಲೊನಿಯ ಹೆಂಗಸರು ಆಗಲೇ ಅದನ್ನು ಆಡಿಕೊಂಡಿದ್ದರು. ಮೇಷ್ಟ್ರಿಗೆ ಅದು ಹೇಗೆ ಗೊತ್ತಾಯಿತು ಎಂದು ಅವಳಿಗೆ ಅನ್ನಿಸಿತು. ಗೊತ್ತಿರಲಿಲ್ಲ, ಸುಮ್ಮನೆ ಆಡಿದ ಮಾತು, ಅವರು ಅಲ್ಲೇ ಮರೆತಿದ್ದರು. ಪ್ರತಿ ಸಲ ಬನಿಯನ್ನುಗಳನ್ನು ಸಾಲಾಗಿ ಹಾಸಿ ಬೆರಳಿಟ್ಟು ತೋರಿಸುವವರು ಅಂದು ಅವಸರದಲ್ಲಿ 'ನಂಬರು ಬದಲಾಯಿಸಿಬಿಡಮ್ಮ' ಎಂದಷ್ಟೇ ಹೇಳಿ ಸೈಕಲ್ ಹತ್ತಿದರು. ಅವಳು ಕಲೆಯನ್ನು ನಿಂಬೆಹುಳಿ ಹಚ್ಚಿ ಉಜ್ಜಿ ಉಜ್ಜಿ ತೆಗೆದಳು. ನಂಬರು ಮುಟ್ಟಲಿಲ್ಲ. ಬಟ್ಟೆ ಚೊಕ್ಕವಾಗಿದ್ದರೆ ಸಾಕಲ್ಲ, ಆಡಲಿ ನೋಡೋಣ ಎಂದುಕೊಂಡು ಹಾಗೇ ಮಡಿಸಿ ಚೀಲಕ್ಕೆ ತುಂಬಿದಳು. ಮಡಿಸುವಾಗ ಒಂದು ಥರದ ಖುಷಿಯಾಗಿತ್ತು. ಆ ಖುಷಿ ಅವಳಿಗೆ ಈಗಲೂ ನೆನಪಿತ್ತು. ಉಳಿದದ್ದಕ್ಕಿಂತ ಅದನ್ನೇ ಅವಳು ಹೆಚ್ಚು ಹೆದರಿ ನೆನೆಯುತ್ತಿದ್ದಳು.

'ಯಾಕಕ್ಕ, ಸುಮ್ನಾದ್ರಿ? ಕಣ್ಣಲ್ಲಿ ನೀರು ಬಂತಾ?' ಪ್ರಸನ್ನ ಹಾಳೆ ಮಡಿಸಿದ. 'ಇದೇ, ಇದನ್ನೇ ಐದು ನಿಮಿಷ ಹೇಳಿ. ಸರ್ ಓಡಿದ ಒಂಬತ್ತನೇ ಸುತ್ತಿನ ಮಾತು ಮಾತ್ರ ಬಿಡಬೇಡಿ.'

'ನಾನು ಬರಲ್ಲ ಪ್ರಸನ್ನ.'

'ಹಂಗಂದ್ರೆ? ಕಾರು ಕಳಿಸ್ತೀನಿ ಮಾರಾಯ್ತಿ, ಬಸ್ಸಲ್ಲಿ ಬರೋದು ಬೇಡ.'

'ಕಾರಿನ ಮಾತಲ್ಲ. ನನಗೆ ಆ ನಂಬರು ಗೊತ್ತಿತ್ತು.'

ಅವನು ನಕ್ಕ. ಅವಳು ನಗಲಿಲ್ಲ. ಅವಳು ದಾರ ಬಿಚ್ಚುವಷ್ಟೇ ನಿಧಾನವಾಗಿ ಹೇಳಿದಳು: ಕಲೆ, ಹುಡುಗರ ನಗು, ಮಡಿಸಿದ ಬನಿಯನ್. ಆ ನಗುವಿನಲ್ಲಿ ಇವನದೂ ಇತ್ತು, ಅದನ್ನು ಹೇಳಲಿಲ್ಲ. ಹೇಳುತ್ತಿದ್ದಂತೆ ಶಿವಮೊಗ್ಗದ ಆ ಕೋರ್ಟು, ಸುತ್ತ ಕಟ್ಟೆಯ ಮೇಲೆ ಕೂತ ಜನ, ಮೇಜಿನ ಹಿಂದಿನಿಂದ ಎದ್ದ ರೆಫರಿ ಎಲ್ಲ ಕಣ್ಣಿಗೆ ಕಟ್ಟಿತು. ಈ ಮೂರು ನಂಬರು ಆಡುವಂತಿಲ್ಲ, ಹತ್ತು ನಿಮಿಷ ಕೊಡುತ್ತೇನೆ ಎಂದ ಅವನು. ಮೇಷ್ಟ್ರು ಹೆಗಲ ಮೇಲಿನ ಬಿಳಿ ಟವೆಲ್ಲು ಎಳೆದು, ಚೀಲ ಹೊತ್ತು ಜೊತೆಗೆ ಬಂದಿದ್ದ ಅವಳ ಹತ್ತಿರ ಓಡಿಬಂದರು. 'ಹಾಲಮ್ಮ, ಸೂಜಿ ದಾರ ಇದೆಯಾ? ಇದನ್ನ ಕತ್ತರಿಸಿ ನಂಬರು ಮಾಡೋಣ.' ಸೂಜಿ ಅವಳ ರವಿಕೆಯಲ್ಲೇ ಇತ್ತು, ದಾರ ಸಮೇತ, ಸೆರಗಿನ ಕೆಳಗೆ. ಹಿಂದಿನ ದಿನದ ಸಿಟ್ಟು ಆಗ ಎಲ್ಲೂ ಇರಲಿಲ್ಲ. ಇದ್ದದ್ದು ಭಯ. ಸೂಜಿ ತೆಗೆದರೆ, ಸೂಜಿ ಇಟ್ಟುಕೊಂಡೂ ಯಾಕೆ ಹೊಲಿಯಲಿಲ್ಲ ಎಂದು ಕೇಳುತ್ತಾರೆ. 'ಇಲ್ಲ ಸರ್' ಎಂದಳು.

ಪ್ರಸನ್ನನ ಮುಖ ಬದಲಾಯಿತು. 'ಸೂಜಿ ಇತ್ತಾ?'

'ಇತ್ತು.'

ಅವನು ಎದ್ದು ಬಾಗಿಲವರೆಗೆ ಹೋಗಿ ನಿಂತ. ಎರಡನೇ ನಂಬರು ಅವನದು. ಆ ಪಂದ್ಯವಿಡೀ ಅವನು ಬೆಂಚಿನ ಮೇಲೆ ಕೂತಿದ್ದ. ಐದು ಜನ ಆಡಿದರು, ಬದಲಿಗೆ ಕಳಿಸಲು ಯಾರೂ ಇಲ್ಲ. ಐದು ಫೌಲಾಗಿ ಒಬ್ಬ ಹೊರಬಿದ್ದ, ಆಮೇಲೆ ಇನ್ನೊಬ್ಬ. ಕೊನೆಯ ಆರು ನಿಮಿಷ ಮೂವರೇ ಐವರ ಎದುರು ಆಡಿದರು. ಆ ಮೂವರಲ್ಲಿ ಒಬ್ಬನಾದ ಮಲ್ಲಿಕ್ ಚೆಂಡು ಬುಟ್ಟಿಗೆ ಹಾಕುವುದು, ಹಾಕಿದ ಕೂಡಲೇ ಕೊಟ್ಟವನ ಕಡೆ ಬೆರಳು ತೋರಿಸುವುದು, ತೋರಿಸುತ್ತಲೇ ಹಿಂದಕ್ಕೆ ಓಡುವುದು. ಎದುರು ತಂಡದ ಜನವೂ ಎದ್ದು ನಿಂತು ಕೂಗುತ್ತಿದ್ದರು. ಒಂದೇ ಅಂಕದಲ್ಲಿ ಸೋತರು. ಮೂವರ ಆಟ ಎಂದು ಜಿಲ್ಲೆಯೆಲ್ಲ ಹೆಸರಾಯಿತು. ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆರಿಸುವಾಗ ಮಾತ್ರ, ನಂಬರಿನ ನಿಯಮವೇ ಗೊತ್ತಿಲ್ಲದವರಿಗೆ ಹೇಗೆ ಕೊಡುವುದು ಎಂದರಂತೆ. ಮತ್ತೆ ಮೇಷ್ಟ್ರನ್ನು ಯಾರೂ ಕರೆಯಲಿಲ್ಲ. ಅದೊಂದು ಅವರಿಗೆ ಆಸೆಯಿತ್ತು.

'ನಾನು ಆಡ್ಲಿಲ್ಲ ಅಂತ ಅಪ್ಪನಿಗೆ ಹೇಳೇ ಇಲ್ಲ' ಎಂದ ಪ್ರಸನ್ನ, ಹೊರಗೆ ನೋಡುತ್ತಲೇ. 'ಹನ್ನೆರಡು ಪಾಯಿಂಟ್ ಹೊಡೆದೆ ಅಂದಿದ್ದೆ. ಸಾಯೋವರೆಗೂ ಬಂದೋರಿಗೆಲ್ಲ ಹೇಳ್ತಿದ್ರು.' ಅವನು ಒಳಕ್ಕೆ ತಿರುಗಿದ. 'ನನಗೆ ಹೇಳಿದ್ರಲ್ಲ, ಸಾಕು. ಸರ್ ಹತ್ರ ಹೇಳ್ಬೇಡಿ ಅಕ್ಕ. ಎಂಬತ್ತೈದು ವರ್ಷ. ಅವರ ಹತ್ರ ಉಳಿದಿರೋದೇ ಈ ಕಥೆಗಳು. ಅದನ್ನೂ ಯಾಕೆ ಕಿತ್ಕೋತೀರಿ?'

'ಅದು ಅವರ ಕಥೆ ಅಲ್ಲ ಪ್ರಸನ್ನ. ನಾನು ಹೊಲಿದುಕೊಟ್ಟಿದ್ದು.'

'ಏನಾದ್ರೂ ಮಾಡ್ಕೊಳ್ಳಿ' ಎಂದು ಅವನು ಹೆಲ್ಮೆಟ್ಟು ಹಾಕಿಕೊಂಡು ಹೋದ. ಹಾಳೆಗಳನ್ನು ಅಲ್ಲೇ ಬಿಟ್ಟಿದ್ದ.

ಅವಳು ಲಂಗದ ಅಂಚನ್ನು ಪೂರ್ತಿ ಬಿಚ್ಚಿ, ಇಸ್ತ್ರಿ ಮಾಡಿ, ಹೊಸದಾಗಿ ಮಡಿಸಿ ಹೊಲಿದು ಮುಗಿಸಿದಳು. ಕೆಲಸ ಅರ್ಧಕ್ಕೆ ಬಿಟ್ಟು ಏಳುವ ಅಭ್ಯಾಸ ಆ ಶುಕ್ರವಾರದ ನಂತರ ಇರಲಿಲ್ಲ. ಪ್ರಸನ್ನ ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಯೋಚಿಸಿದಳು. ಮುದುಕರ ಕೈಯಲ್ಲಿರುವ ಒಂದನ್ನು ಕಿತ್ತುಕೊಂಡು ತಾನು ಹಗುರಾಗುವುದು ಯಾವ ನ್ಯಾಯ. ಆದರೆ ಹಾಳೆಯ ಮೇಲೆ ಆ ಸಾಲು ಕಪ್ಪಗೆ ಕೂತಿತ್ತು: ಕೊಟ್ಟವನ ತಪ್ಪು. ನಾಳಿದ್ದು ಅದು ಅಚ್ಚಾಗುತ್ತದೆ. ಅವರು ಮಾಡದ ತಪ್ಪು ಅವರ ಹೆಸರಿನಲ್ಲಿ, ಅವರ ಬಾಯಿಂದಲೇ ಬಂದದ್ದಾಗಿ, ಅವರು ಹೋದ ಮೇಲೂ ಇರುತ್ತದೆ.

ಸೋತು ಬಂದ ದಿನ ಸಂಜೆ ರೈಲು ಇಳಿದು ಎಲ್ಲರೂ ನೇರ ಮೈದಾನಕ್ಕೇ ಹೋಗಿದ್ದರು. ಮೇಷ್ಟ್ರು ಎಂಟು ಹುಡುಗರನ್ನೂ ಗೆರೆಯ ಮೇಲೆ ನಿಲ್ಲಿಸಿ ಓಡತೊಡಗಿದರು. ಒಬ್ಬೊಬ್ಬನಿಗೆ ಒಂದೊಂದು ಸುತ್ತು. ಎಂಟು ಮುಗಿದರೂ ನಿಲ್ಲಲಿಲ್ಲ. 'ಒಂಬತ್ತನೇದು ಯಾರಿಗೆ ಸರ್?' ಎಂದು ಮಲ್ಲಿಕ್ ಕೂಗಿದ. 'ಹಾಲಮ್ಮನಿಗೆ' ಎಂದರು ಏದುಸಿರು ಬಿಡುತ್ತಾ, 'ಅಂಕಿ ಕಲಿಸಿರಲಿಲ್ವಲ್ಲ.' ಆಟದ ಸಾಮಾನಿನ ಕೋಣೆಯ ಬಾಗಿಲಲ್ಲಿ ಚೀಲ ಹಿಡಿದು ಅವಳು ನಿಂತಿದ್ದಳು. ನಲವತ್ತೊಂದರ ಗಂಡಸು ಎಡಗಾಲು ಎಳೆಯುತ್ತಾ ಓಡುತ್ತಿದ್ದರು. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತಿದ್ದಂತೆ ಸುತ್ತು ಮುಗಿದುಹೋಯಿತು. ಸೋಮವಾರವೇ ಅವರು ಸ್ಲೇಟು ತಂದುಕೊಟ್ಟರು. ಸಂಜೆ ಏಳು ಗಂಟೆಯ ತರಗತಿಯಲ್ಲಿ ಅಂಕಿ ಕಲಿಸುವಾಗ ಅವಳು ಒಂದು, ಎರಡು, ಮೂರನ್ನು ಬೇಕೆಂದೇ ತಪ್ಪು ಬರೆದಳು, ಗೊತ್ತಿಲ್ಲದವಳ ಹಾಗೆ. ಸುಳ್ಳಿನಲ್ಲಿ ಅಷ್ಟು ದೂರ ಹೋಗಿದ್ದಳು. ಹಿರಿಯರಿಗೊಂದು ಪತ್ರ ಬರೆಯಿರಿ ಎಂದು ಅಲ್ಲಿ ಕಲಿಸಿದ ದಿನದಿಂದ ಎಷ್ಟು ಸಲ ಕೂತಿದ್ದಳೋ. 'ಸರ್, ನಾನು ಕ್ಷೇಮ' ಎಂಬಲ್ಲಿಗೆ ನಿಲ್ಲುತ್ತಿತ್ತು. ಅಕ್ಷರ ಅವರು ಕೊಟ್ಟದ್ದು. ಅವಳ ಸುಳ್ಳನ್ನು ನಂಬಿ ಮರುಗಿ ಕೊಟ್ಟದ್ದು. ಅದೇ ಅಕ್ಷರದಿಂದ ಬರೆಯುವುದಕ್ಕೆ ಕೈ ಏಳುತ್ತಿರಲಿಲ್ಲ.

ಲಿಖಿತಾಳ ನೋಟುಬುಕ್ಕಿನಿಂದ ನಾಲ್ಕು ಹಾಳೆ ಕಿತ್ತಳು. ಮೇಷ್ಟ್ರ ಮಗಳು ಓದಿ ಹೇಳುವುದು ಬೇಡ, ಅವರೇ ಓದಲಿ ಎಂದು ಹೆಬ್ಬೆರಳ ಉಗುರಿನಷ್ಟು ದೊಡ್ಡ ಅಕ್ಷರದಲ್ಲಿ ಬರೆದಳು. ಕ್ಷೇಮದ ಮಾತು ಹಾಕಲಿಲ್ಲ.

'ಸರ್, ನನಗೆ ನಂಬರು ಗೊತ್ತಿತ್ತು. ನೀವು ಬನಿಯನ್ನಿನ ಕಲೆ ತೋರಿಸಿ ಆಡಿದ ಮಾತಿಗೆ ಸಿಟ್ಟು ಬಂದು ಬದಲಾಯಿಸಲಿಲ್ಲ. ಸೂಜಿ ನನ್ನ ಹತ್ತಿರವೇ ಇತ್ತು. ಹೆದರಿ ಇಲ್ಲ ಎಂದೆ. ನೀವು ಕಲಿಸಿದ ಅಕ್ಷರದಿಂದ ಸಂಬಳ ತಿಂದೆ, ಮಕ್ಕಳನ್ನು ಓದಿಸಿದೆ. ಒಂದು ದಿನವೂ ಹೇಳಲಿಲ್ಲ. ನಿಮ್ಮ ಕೈಯಲ್ಲಿ ಆಡಿದ ಹುಡುಗರು ಎಲ್ಲಿದ್ದರೂ ಚೆಂಡು ಕೊಟ್ಟವರ ಕಡೆ ಬೆರಳು ತೋರಿಸುತ್ತಾರೆ. ನಾನೂ ನಿಮ್ಮ ಹತ್ತಿರವೇ ಕಲಿತವಳು ಎಂದುಕೊಂಡು ಇದನ್ನು ಬರೆದಿದ್ದೇನೆ. ಒಂಬತ್ತನೇ ಸುತ್ತು ನೀವು ಓಡಬೇಕಾಗಿರಲಿಲ್ಲ. ಪುಸ್ತಕದಲ್ಲಿ ನಿಮ್ಮ ತಪ್ಪು ಎಂದು ಇರುವುದನ್ನು ತೆಗೆಸಿ. ಹಾಲಮ್ಮ.'

ಓದಿ ನೋಡಲಿಲ್ಲ. ಓದಿದರೆ ಹರಿಯುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಬಿಸಿಲಲ್ಲೇ ಅಂಚೆ ಕಚೇರಿಗೆ ನಡೆದಳು.

ಕೌಂಟರಿನ ಹುಡುಗಿ ಕವರು ತಿರುಗಿಸಿ ನೋಡಿದಳು. 'ಅಜ್ಜಿ, ರವೀಂದ್ರನಗರ ಅಂತ ಬರೆದಿದ್ದೀರಿ, ಮನೆ ನಂಬರು, ಕ್ರಾಸು ಏನೂ ಇಲ್ವಲ್ಲ. ಸ್ಪೀಡ್ ಪೋಸ್ಟ್‌ಗೆ ಹಿಂಗೆ ಆಗಲ್ಲ. ಯಾರಿಗಾದ್ರೂ ಫೋನ್ ಮಾಡಿ ಕೇಳಿ.' ಮೇಷ್ಟ್ರು ಮಗಳ ಮನೆಗೆ ಹೋಗಿ ಎರಡು ವರ್ಷವಾಗಿತ್ತು. ಅವಳು ಆ ಮನೆ ನೋಡಿರಲಿಲ್ಲ. ಗೊತ್ತಿದ್ದವನು ಒಬ್ಬನೇ. ಪಕ್ಕಕ್ಕೆ ಸರಿದು ಫೋನ್ ಮಾಡಿದಳು.

'ಪ್ರಸನ್ನ, ಸರ್ ಮನೆ ವಿಳಾಸ ಹೇಳು.'

ಆ ಕಡೆ ಬಸ್ಸಿನ ಹಾರ್ನು ಕೇಳಿಸಿತು. ಎಲ್ಲೋ ರಸ್ತೆ ಬದಿಗೆ ಸ್ಕೂಟರು ನಿಲ್ಲಿಸಿರಬೇಕು. ಅವಳು ಒತ್ತಾಯಿಸಲಿಲ್ಲ; ಕಾಯುವುದು ಅವಳಿಗೆ ಬರುತ್ತಿತ್ತು. ಕೌಂಟರಿನ ಹುಡುಗಿ ಮುಂದಿನವರ ಕವರು ತೂಗಿ, ಅದರ ಮುಂದಿನವರದೂ ತೂಗಿದಳು.

'ಬರ್ಕೊಳ್ಳಿ ಅಕ್ಕ' ಎಂದ ಕೊನೆಗೆ. ಮೂರನೇ ಅಡ್ಡರಸ್ತೆ ಎಂದ, ಮನೆ ನಂಬರು ಹೇಳಿದ, ಸೌಂದರ್ಯಳ ಫೋನ್ ನಂಬರು ಹೇಳಿದ. ಅವಳು ಒಂದೊಂದೇ ಅಂಕಿ ಬರೆದುಕೊಂಡಳು. 'ಸರ್ ಹಗಲಲ್ಲಿ ಒಬ್ರೇ ಇರ್ತಾರೆ. ಅವರ ಕೈಗೇ ಸಿಗುತ್ತೆ... ಪ್ರೆಸ್ಸಿನವರಿಗೆ ಎರಡು ದಿನ ನಿಲ್ಸಿ ಅಂತೀನಿ. ಭಾನುವಾರ ಕಾರು ಕಳಿಸ್ಲಾ, ಬೇಡ್ವಾ?'

'ಅವರು ಓದ್ಲಿ. ಓದಿದ ಮೇಲೂ ಕರೀರಿ ಅಂದ್ರೆ ಕಳ್ಸು.'

ಹುಡುಗಿ ಕವರನ್ನು ತಕ್ಕಡಿಯ ಮೇಲಿಟ್ಟಳು, ಚೀಟಿ ಅಂಟಿಸಿದಳು, ಸೀಲು ಒತ್ತಿ ಹಿಂದಿನ ಚೀಲಕ್ಕೆ ಎಸೆದಳು. ಹಾಲಮ್ಮ ಕೌಂಟರಿನ ಅಂಚು ಹಿಡಿದು ಅಲ್ಲೇ ನಿಂತಿದ್ದಳು.

'ಇನ್ನೇನಾದ್ರೂ ಇದೆಯಾ ಅಜ್ಜಿ?'

'ಇಲ್ಲ ತಾಯಿ' ಎಂದಳು. 'ಇದೊಂದೇ ಇದ್ದಿದ್ದು.'